ಸಸ್ಯ ವೈರಸ್ಸುಗಳ ಉಪಗ್ರಹಗಳು ಮತ್ತು ರೋಗಲಕ್ಷಣದ ಮೂಲ

ತಾವಾಗಿ ವೃದ್ಧಿಯಾಗಲಾರದೆ, ಅದೇ ಜೀವಕೋಶವನ್ನು ಹೊಕ್ಕ ವೈರಸ್ಸೊಂದರ ನೆರವಿನಿಂದಲೇ ತಮ್ಮ ಪ್ರತಿಗಳನ್ನು ಮಾಡಿಕೊಳ್ಳುವ ಪುಟ್ಟ ಆರ್‌ಎನ್‌ಎ ಅಥವಾ ಡಿಎನ್‌ಎ ಎಳೆಗಳಿಗೆ ಉಪಗ್ರಹಗಳೆಂದು ಹೆಸರು. ನೆರವು ಕೊಡುವುದು ಸಹಾಯಕ ವೈರಸ್. ಇವೆರಡರ ನ್ಯೂಕ್ಲಿಯೋಟೈಡ್ ಅನುಕ್ರಮಗಳಿಗೆ ಹೋಲಿಕೆ ತೀರ ಕಡಿಮೆ. ಆದ್ದರಿಂದ ಉಪಗ್ರಹವನ್ನು ವೈರಸ್ಸಿನಿಂದ ಮುರಿದುಬಿದ್ದ ಚೂರೆಂದು ತಿಳಿಯಲಾಗದು. ತಂಬಾಕಿನ ನೆಕ್ರೋಸಿಸ್ ವೈರಸ್ಸಿನ ಜತೆ ಕಾಣುತ್ತಿದ್ದ ಸಣ್ಣ ಕಣಕ್ಕೆ ಕಸಾನಿಸ್ 1962ರಲ್ಲಿ ಈ ಹೆಸರು ಕೊಟ್ಟರು. ಆ ಕಣ ತನ್ನ ಹೊದಿಕೆಯ ಪ್ರೋಟೀನನ್ನು ತಾನೇ ಸಂಕೇತಿಸುವುದರಿಂದ ಉಪಗ್ರಹ ವೈರಸ್ ಎನಿಸಿಕೊಂಡಿತು. ಹೊದಿಕೆಯ ಜೀನ್ ಇಲ್ಲದವು ಉಪಗ್ರಹ ಆರ್‌ಎನ್‌ಎ ಅಥವಾ ಉಪಗ್ರಹ ಡಿಎನ್‌ಎಗಳು. 1971ರಲ್ಲಿ ಡೀನರ್ ಆಲೂಗಡ್ಡೆಯಲ್ಲಿ ಗುರುತಿಸಿದ ವೈರಾಯ್ಡ್ ಇವುಗಳಷ್ಟೇ ಚಿಕ್ಕದಾದರೂ ಅದಕ್ಕೆ ಸಹಾಯಕ ವೈರಸ್ ಬೇಕಿಲ್ಲ.

ಪರಾವಲಂಬಿಯಾದ ಈ ಎಳೆಗಳನ್ನು ರೋಗದ ಅಂಚಿನಲ್ಲಿಟ್ಟು ನೋಡುವುದು ಸರಿಯಲ್ಲವೆಂಬುದಕ್ಕೆ ಭಾರತದ ಹೊಲಗಳಲ್ಲೇ ಸಾಕ್ಷ್ಯವಿದೆ. ಬೆಂಡೆಯ ಎಲೆನರಗಳು ಹಳದಿಗಟ್ಟಿ, ಕಾಯಿಯೂ ಬಿಳಿಚುವ ಹಳದಿ ನಂಜುರೋಗವನ್ನು ಬಿಳಿನೊಣ ಹರಡುತ್ತದೆ. ರೋಗಕಾರಕವು ಸುಮಾರು 2,700 ನ್ಯೂಕ್ಲಿಯೋಟೈಡುಗಳ ವೃತ್ತಾಕಾರದ ಡಿಎನ್‌ಎ ಹೊಂದಿರುವ ಬೆಗೊಮೊವೈರಸ್. ಆದರೆ ಈ ಡಿಎನ್‌ಎಯನ್ನಷ್ಟೇ ಬೆಂಡೆಗಿಡಕ್ಕೆ ಸೇರಿಸಿದಾಗ ಎಲೆ ತುಸು ಮುದುರಿತೇ ಹೊರತು ನರ ಹಳದಿಯಾಗಲಿಲ್ಲ. ಸುಮಾರು 1,350 ನ್ಯೂಕ್ಲಿಯೋಟೈಡುಗಳ ಬೀಟಾ ಉಪಗ್ರಹವನ್ನೂ ಕೂಡಿಸಿದಾಗ ಹೊಲದಲ್ಲಿ ಕಾಣುವ ರೋಗವೇ ಮೂಡಿತು. ಮಧುರೆಯ ಜೋಸ್ ಮತ್ತು ಉಷಾ ಇದನ್ನು 2003ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಪಾಕಿಸ್ತಾನದ ಹತ್ತಿಯನ್ನು ಹಾಳುಗೆಡವಿದ ಎಲೆಮುಟುರು ರೋಗದಲ್ಲೂ ಬೀಟಾ ಉಪಗ್ರಹದ ಪಾತ್ರ 2001ರಲ್ಲಿ ಸಾಬೀತಾಗಿತ್ತು. ಈ ಉಪಗ್ರಹ ಸಂಕೇತಿಸುವುದು ಮುಖ್ಯವಾಗಿ ಬೀಟಾ-ಸಿ1 ಎಂಬ ಒಂದೇ ಪುಟ್ಟ ಪ್ರೋಟೀನನ್ನು. ವೈರಸ್ ವಿರುದ್ಧ ಗಿಡ ಹೂಡುವ ಜೀನ್ ಮೌನೀಕರಣವೆಂಬ ರಕ್ಷಣೆಯನ್ನು ಕುಗ್ಗಿಸುವುದೂ, ಎಲೆಯ ಬೆಳವಣಿಗೆಯನ್ನು ಕೆಡಿಸುವುದೂ ಅದೇ.

ಪ್ರೋಟೀನೇ ಇಲ್ಲದೆಯೂ ಉಪಗ್ರಹ ಲಕ್ಷಣವನ್ನು ಉಂಟುಮಾಡಬಲ್ಲದು. ಸೌತೆ ಮೊಸಾಯಿಕ್ ವೈರಸ್ಸಿನ ಬಹುತೇಕ ಉಪಗ್ರಹ ಆರ್‌ಎನ್‌ಎಗಳು ಸಹಾಯಕನ ವೃದ್ಧಿಯನ್ನು ತಗ್ಗಿಸಿ ರೋಗವನ್ನು ಮೆದುವಾಗಿಸುತ್ತವೆ. ಕೆಲವು ಮಾತ್ರ ಟೊಮೇಟೊ ಗಿಡವನ್ನೇ ಕೊಲ್ಲುತ್ತವೆ. ಇವುಗಳಲ್ಲಿ ವೈ-ಉಪಗ್ರಹದ ಕಥೆ ವಿಶೇಷವಾದುದು. ಅದು ಸೇರಿದರೆ ತಂಬಾಕಿನ ಎಲೆ ಹೊಳೆಯುವ ಹಳದಿಯಾಗುತ್ತದೆ. ಗಿಡವು ತನ್ನ ರಕ್ಷಣೆಗಾಗಿ ಉಪಗ್ರಹವನ್ನು ಕತ್ತರಿಸಿದಾಗ ಹುಟ್ಟುವ ಕಿರು ಆರ್‌ಎನ್‌ಎಗಳಲ್ಲೊಂದು, ಪತ್ರಹರಿತ್ತಿನ ತಯಾರಿಕೆಗೆ ಬೇಕಾದ ಸಿಎಚ್‌ಎಲ್‌ಐ ಜೀನಿನ ಸಂದೇಶಕ್ಕೆ ಸರಿಯಾಗಿ ಹೊಂದಿಕೊಂಡು ಅದನ್ನು ತುಂಡರಿಸುತ್ತದೆಂದು 2011ರಲ್ಲಿ ಎರಡು ತಂಡಗಳು ತೋರಿಸಿದವು. ಹೀಗೆ ಗಿಡದ ಕತ್ತಿ ಗಿಡಕ್ಕೇ ತಗಲುತ್ತದೆ. ಟೊಮೇಟೊದಲ್ಲಿ ಈ ಹೊಂದಿಕೆ ಪೂರ್ಣವಾಗಿಲ್ಲದ್ದರಿಂದ ಹಳದಿ ಬಣ್ಣ ಬರುವುದಿಲ್ಲ. ಉಪಗ್ರಹದ ಅನುಕ್ರಮವನ್ನು ತಿದ್ದಿ ಹೊಂದಿಸಿದಾಗ ಅಲ್ಲಿಯೂ ಬಂತು.

ಅವಲಂಬನೆ ಒಮ್ಮುಖವೂ ಅಲ್ಲ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮಾತ್ರ ಕಾಣುವ ಶೇಂಗಾ ರೋಸೆಟ್ ರೋಗ ಇದಕ್ಕೆ ಅತ್ಯುತ್ತಮ ನಿದರ್ಶನ. 1907ರಷ್ಟು ಹಿಂದೆಯೇ ದಾಖಲಾದ ಈ ರೋಗಕ್ಕೆ ಮೂವರು ಪಾಲುದಾರರು. ರೋಸೆಟ್ ವೈರಸ್ಸಿಗೆ ಸ್ವಂತ ಹೊದಿಕೆಯಿಲ್ಲ. ಅಸಿಸ್ಟರ್ ವೈರಸ್ ತನ್ನ ಹೊದಿಕೆಯನ್ನು ಕೊಟ್ಟರಷ್ಟೇ ಅದು ಸಸ್ಯಹೇನಿನ ಮೂಲಕ ಮುಂದಿನ ಗಿಡಕ್ಕೆ ಹೋಗಬಲ್ಲದು. ಮೂರನೆಯದು ಸುಮಾರು 900 ನ್ಯೂಕ್ಲಿಯೋಟೈಡುಗಳ ಉಪಗ್ರಹ ಆರ್‌ಎನ್‌ಎ. ಅದು ವೃದ್ಧಿಗೆ ರೋಸೆಟ್ ವೈರಸ್ಸನ್ನು ಆಶ್ರಯಿಸಿದೆ, ಆದರೆ ಉಪಗ್ರಹವಿಲ್ಲದೆ ಆ ವೈರಸ್ ಅಸಿಸ್ಟರ್ ಹೊದಿಕೆಯೊಳಗೆ ಸೇರಿ ಹೇನಿನ ಮೂಲಕ ಹರಡಲಾರದು. ಎರಡೂ ವೈರಸ್ಸುಗಳು ತಾವಾಗಿ ಶೇಂಗಾದಲ್ಲಿ ಅಲ್ಪ ಲಕ್ಷಣವನ್ನಷ್ಟೇ ತೋರಿಸುತ್ತವೆ; ಗೆಣ್ಣು ಕುಗ್ಗಿ ಗಿಡ ಗುಜ್ಜಾಗುವುದು ಉಪಗ್ರಹದಿಂದ. ಅದರ ಭೇದಗಳಿಗೆ ತಕ್ಕಂತೆ ರೋಗ ಹಸಿರು ರೋಸೆಟ್ ಅಥವಾ ಹಳದಿ ರೋಸೆಟ್ ಆಗುತ್ತದೆ. ತಳಿ ಅಭಿವೃದ್ಧಿಯಲ್ಲಿ ಬಳಸಿದ ನಿರೋಧಕ ಶೇಂಗಾ ತಳಿಗಳೂ ರೋಸೆಟ್ ವೈರಸ್ ಮತ್ತು ಅದರ ಉಪಗ್ರಹವನ್ನು ತಡೆಯುತ್ತವೆಯೇ ಹೊರತು ಅಸಿಸ್ಟರ್ ವೈರಸ್ಸನ್ನಲ್ಲ. ಅದು ಆ ಗಿಡಗಳಲ್ಲೂ ಬೆಳೆಯುತ್ತದೆ, ಆದರೆ ರೋಸೆಟ್ ಕಾಣಿಸುವುದಿಲ್ಲ.