ಮುಡಿಪಿನ ಗಂಟು

ನಮ್ಮ ಮನೆಯ ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆಯ ಗಂಟೊಂದು ಬಹಳ ವರ್ಷ ಇತ್ತು. ತಿರುಪತಿ ತಿಮ್ಮಪ್ಪನಿಗೆಂದು ಕಟ್ಟಿದ ಮುಡಿಪು. 2008ರಲ್ಲಿ ನಮ್ಮ ಯಜಮಾನರ ಮೂತ್ರಪಿಂಡ ಕೈಕೊಟ್ಟಾಗ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಓಡಾಟ. ಆಟೋದವನು ಕೊಟ್ಟ ಚಿಲ್ಲರೆಯನ್ನು ಮನೆಗೆ ಬಂದ ಕೂಡಲೇ ಆ ಗಂಟಿಗೆ ಹಾಕುತ್ತಿದ್ದೆ. ಅವರು ಹುಷಾರಾದರೆ ಬೆಟ್ಟ ನಡೆದು ಹತ್ತಿ ಒಪ್ಪಿಸುತ್ತೇನೆಂದು ಹರಕೆ. ಅವರು ಹುಷಾರಾಗಲಿಲ್ಲ. ಮರುವರ್ಷ ಆಷಾಢದಲ್ಲಿ ಹೋಗಿಬಿಟ್ಟರು. ಗಂಟು ಉಳಿಯಿತು. ಒಪ್ಪಿಸುವ ಹಾಗಿಲ್ಲ, ಬಿಚ್ಚುವ ಹಾಗೂ ಇಲ್ಲ.

ನಂಬಿಕೆ ಕಳೆದುಕೊಳ್ಳುವುದೆಂದರೆ ದೇವರ ಪಟ ಬಿಸಾಡಿ ರಂಪ ಮಾಡುವುದು ಎಂದು ಸಿನಿಮಾ ನೋಡಿ ತಿಳಿದಿದ್ದೆ. ನನಗೆ ಹಾಗೇನೂ ಆಗಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಂದು ಸಂಜೆ ದೀಪ ಹಚ್ಚಲು ಕಡ್ಡಿ ಗೀರಿದೆ. ಯಾರಿಗೆ ಹಚ್ಚುತ್ತಿದ್ದೇನೆ ಅನ್ನಿಸಿತು. ಕಡ್ಡಿ ಬೆರಳು ಸುಡುವ ತನಕ ಹಿಡಿದಿದ್ದು ಆರಿಸಿಬಿಟ್ಟೆ. ಮರುದಿನದಿಂದ ಅತ್ತೆಯೇ ಹಚ್ಚಿದರು. ಒಂದು ಮಾತೂ ಕೇಳಲಿಲ್ಲ.

ಹಗಲು ಹೇಗೋ ಸಾಗುತ್ತಿತ್ತು. ಅಡಿಗೆ, ಮಗಳ ಶಾಲೆ, ಬ್ಯಾಂಕಿನ ಕಾಗದಪತ್ರ. ಕಷ್ಟವಾಗಿದ್ದು ಸಂಜೆ ಆರು ಗಂಟೆ. ನಮ್ಮಂಥ ಹೆಂಗಸರ ಭಕ್ತಿಯೆಲ್ಲ ಕೈಯಲ್ಲೇ ಇರುತ್ತದೆ ನೋಡಿ. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಹೊಸ್ತಿಲಿಗೆ ಅರಿಶಿನ ಬಳಿಯುವುದು. ದೇವರು ಹೋದನೆಂದರೆ ಆ ಹೊತ್ತಿಗೆ ಕೈ ಖಾಲಿ. ಸುಮ್ಮನೆ ಕೂರಲಾಗದೆ ಮಲ್ಲತ್ತಹಳ್ಳಿಯಿಂದ ಜ್ಞಾನಭಾರತಿಯ ಕಡೆಗೆ ನಡೆಯತೊಡಗಿದೆ.

ಆ ದಾರಿಯಲ್ಲಿ ನಡೆದೂ ನಡೆದೂ ನನಗೆ ತಿಳಿದ ಒಂದು ಸಂಗತಿ: ದೇವರನ್ನು ಪ್ರಶ್ನಿಸಿದವರಿಗೆ ನಮ್ಮ ಬಡಾವಣೆಯ ಪಕ್ಕದಲ್ಲೇ ದೊಡ್ಡ ಚರಿತ್ರೆಯಿದೆ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, ಭೌತಶಾಸ್ತ್ರದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿ ಬಿಡದೆ, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದವರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪಬೇಕೆಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಊರೆಲ್ಲ ಗದ್ದಲವಾಯಿತು. ಹಿಂದಿನ ನಾನಾಗಿದ್ದರೆ ಇದನ್ನೋದಿ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದೆ. ಆದರೂ ಒಂದು ಮಾತು ಹೇಳಬೇಕು. ಪವಾಡ ಸುಳ್ಳೆಂದು ತೋರಿಸಬಹುದು. ಪವಾಡಕ್ಕಾಗಿ ಕಾದು ಕೂತವಳ ಸಂಜೆಯನ್ನು ಏನು ಮಾಡುವುದು?

ಆ ಪ್ರಶ್ನೆಗೆ ಹತ್ತಿರ ಬಂದವರು ಎ.ಎನ್. ಮೂರ್ತಿರಾಯರು. ಅವರ ‘ದೇವರು’ ಅಚ್ಚಾದದ್ದು 1991ರಲ್ಲಿ, ಅವರಿಗೆ ತೊಂಬತ್ತು ದಾಟಿದ ಮೇಲೆ. ಆ ವಯಸ್ಸಿಗೆ ಬೇರೆಯವರು ಜಪಮಣಿ ಹಿಡಿದರೆ, ಇವರು ಲೋಕದ ಇಷ್ಟೊಂದು ನೋವಿಗೂ ಕರುಣಾಳುವೆನ್ನುವ ದೇವರಿಗೂ ತಾಳೆ ಹೇಗೆ ಎಂದು ಲೆಕ್ಕ ಕೇಳಿದರು. ಬೈಗುಳವಿಲ್ಲ, ಗೇಲಿಯಿಲ್ಲ. ನಂಬಿದವರನ್ನು ದಡ್ಡರೆನ್ನುವುದಿಲ್ಲ. ದೇವರನ್ನು ಬಿಟ್ಟರೂ ಒಳ್ಳೆಯತನವನ್ನು, ಚೆಲುವನ್ನು ಬಿಡಬೇಕಿಲ್ಲ ಎಂಬ ಧೈರ್ಯ ಆ ಪುಸ್ತಕದಿಂದ ಬಂತು. ಅತ್ತೆಗೆ ಕಾಣದಂತೆ ಅಡಿಗೆಮನೆಯ ಡಬ್ಬಗಳ ಹಿಂದೆ ಇಟ್ಟು ಓದಿದೆ. ಈಗ ನೆನೆದರೆ ನಗು ಬರುತ್ತದೆ. ಅವರಿಗೆ ಗೊತ್ತಿತ್ತು.

ನಮ್ಮ ಮಲ್ಲತ್ತಹಳ್ಳಿಯ ಕಲಾಗ್ರಾಮದ ಕತೆ ಇನ್ನೂ ವಿಚಿತ್ರ. 2013ರ ಡಿಸೆಂಬರ್‌ನಲ್ಲಿ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಅಂತ್ಯಸಂಸ್ಕಾರ ಇಲ್ಲಿ ನಡೆಯಿತು. ಇದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಕೇಂದ್ರ ಕಟ್ಟಿದ ಮೇಷ್ಟ್ರು. ಇಲ್ಲದ ಕಡೆ ದೇವರನ್ನು ಹುಡುಕುತ್ತ ನಮ್ಮೊಳಗಿನ ಪ್ರೀತಿಯನ್ನು ಮರೆತೆವಲ್ಲ ಎಂದು ಅವರು ಬರೆದದ್ದನ್ನು ಹಾಡದ ಹೆಂಗಸರ ಭಜನಾ ಮಂಡಳಿಯೇ ಇಲ್ಲ. ಅವರ ಇಚ್ಛೆಯಂತೆ ಧಾರ್ಮಿಕ ವಿಧಿಯೊಂದೂ ಇರಲಿಲ್ಲ. ಟಿ.ವಿ. ಮುಂದೆ ಕೂತಿದ್ದ ಅತ್ತೆ, “ಮಂತ್ರವೇ ಹೇಳಲಿಲ್ಲವಲ್ಲೇ?” ಅಂದರು. “ಅವರಿಗೆ ಬೇಕಿರಲಿಲ್ಲವಂತೆ ಅತ್ತೆ” ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಆದರೂ ಎಷ್ಟು ಜನ ಬಂದಿದ್ದಾರೆ ನೋಡು” ಅಂದರು.

ಎಂಟು ತಿಂಗಳು ಕಳೆದು, 2014ರ ಆಗಸ್ಟ್‌ನಲ್ಲಿ, ಅದೇ ಕಲಾಗ್ರಾಮಕ್ಕೆ ಯು.ಆರ್. ಅನಂತಮೂರ್ತಿ ಬಂದರು. ಚಿಕ್ಕಂದಿನಲ್ಲಿ ಭೂತದ ಕಲ್ಲಿಗೆ ಕದ್ದು ಉಚ್ಚೆ ಹೊಯ್ದು, ಶಿಕ್ಷೆಯಾಗುತ್ತದೋ ಎಂದು ಕಾದು ನೋಡಿದ್ದೆನೆಂದು ಬರೆದವರು. ಬ್ರಾಹ್ಮಣ್ಯ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಇಡೀ ಅಗ್ರಹಾರ ತಲೆ ಕೆಡಿಸಿಕೊಳ್ಳುವ ‘ಸಂಸ್ಕಾರ’ವನ್ನು 1965ರಲ್ಲಿ ಕೊಟ್ಟವರು. ಅವರಿಗೆ ವೈದಿಕ ವಿಧಿಯಂತೆಯೇ ಸಂಸ್ಕಾರವಾಯಿತು. ಹಲವರು ಹುಬ್ಬೇರಿಸಿದರು, ಪತ್ರಿಕೆಗಳಲ್ಲಿ ಚರ್ಚೆ. ನಾನು ಮಾತ್ರ ಏನೂ ಅನ್ನಲಾರೆ. ದೇವರಿಲ್ಲ ಎಂದುಕೊಂಡೇ ಪ್ರತಿ ಆಷಾಢ ಇವರ ತಿಥಿಗೆ ಮಡಿಯುಟ್ಟು ಅಡಿಗೆ ಮಾಡುತ್ತಿದ್ದವಳು ನಾನು. ಮಗನನ್ನು ಕಳೆದುಕೊಂಡ ಅತ್ತೆ ಕಾಗೆಗೆ ಪಿಂಡವಿಟ್ಟು ಆಕಾಶ ನೋಡುತ್ತ ನಿಲ್ಲುವಾಗ, ಕಾಗೆ ಬರಲಿ ಎಂದು ಅವರಿಗಿಂತ ಹೆಚ್ಚು ಹಂಬಲಿಸಿದ್ದೇನೆ.

ಅತ್ತೆ 2019ರಲ್ಲಿ ತೀರಿಕೊಂಡರು. ದೀಪ ಹಚ್ಚುವ ಕೈಯೂ ಹೋಯಿತು. ತಿಥಿ ಇನ್ನು ಯಾರಿಗಾಗಿ?

2021ರ ಜೂನ್‌ನಲ್ಲಿ ಕೋವಿಡ್ ಕವಿ ಸಿದ್ದಲಿಂಗಯ್ಯನವರನ್ನು ಕೊಂಡೊಯ್ದಿತು. ಅವರನ್ನೂ ಕಲಾಗ್ರಾಮಕ್ಕೇ ತಂದರು; ಬೌದ್ಧ ಸಂಪ್ರದಾಯದಂತೆ ಅಂತ್ಯಸಂಸ್ಕಾರವಾಯಿತು. ಹುಟ್ಟಿದ ಧರ್ಮವನ್ನು ಬಿಡುವುದು ನನ್ನಂಥವಳಿಗೆ ಮನಸ್ಸಿನ ಸಂಕಟವಾದರೆ, ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ತೋರಿದ ದಾರಿ ಹಿಡಿದ ಲಕ್ಷಾಂತರ ಜನಕ್ಕೆ ಅದು ಬಿಡುಗಡೆಯಾಗಿತ್ತು. ಇಷ್ಟಾಗಿಯೂ ಸಿದ್ದಲಿಂಗಯ್ಯನವರು ಡಾಕ್ಟರೇಟ್‌ಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಮಾರಮ್ಮ, ಪಟಾಲಮ್ಮರನ್ನು ಪೂಜಿಸುವವರ ಕತೆಯನ್ನು ಪ್ರೀತಿಯಿಂದ ಕೇಳಿಸಿಕೊಂಡವರು. ಬಿಟ್ಟುಬಂದ ಮನೆಯ ಕಡೆಗೂ ಹಾಗೆ ತಿರುಗಿ ನೋಡಬಹುದು ಎಂಬುದು ನನಗೆ ತಡವಾಗಿ ಹೊಳೆಯಿತು.

ಆ ವರ್ಷ ಆಷಾಢದಲ್ಲಿ ನಾನು ತಿಥಿ ಮಾಡಲಿಲ್ಲ. ಯಜಮಾನರಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು, ಮುದ್ದೆ ಮಾಡಿ ಮಗಳೊಂದಿಗೆ ಕೂತು ಉಂಡೆ. ಊಟವಾದ ಮೇಲೆ ಅವಳೇ ಗೂಡಿನಿಂದ ಗಂಟು ತಂದು, “ಇದನ್ನೇನು ಮಾಡ್ತೀಯಮ್ಮಾ?” ಅಂದಳು. ಬಿಚ್ಚಿದೆವು. ನಾಲ್ಕಾಣೆಗಳೇ ಕಾಲು ಭಾಗ; 2011ರಲ್ಲೇ ಚಲಾವಣೆ ನಿಂತ ನಾಣ್ಯ. ತಿಮ್ಮಪ್ಪನಿಗೆ ಒಪ್ಪಿಸಿದ್ದರೂ ಅವನೂ ಈಗ ಏನು ಮಾಡುತ್ತಿದ್ದನೋ! ಉಳಿದದ್ದು ಎಣಿಸಿದರೆ ನಾನೂರ ಹದಿನಾರು ರೂಪಾಯಿ.

ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬಾಕೆಗೆ ಡಯಾಲಿಸಿಸ್. ಗಂಡನಿಲ್ಲ, ಮಗ ದೂರದಲ್ಲಿ. ಒಬ್ಬಳೇ ಹೋಗಿಬರುತ್ತಿದ್ದಳು. ಆ ಚಿಲ್ಲರೆಯಲ್ಲಿ ಮೊದಲೆರಡು ಸಲದ ಆಟೋ ಆಯಿತು. ಆಮೇಲೆ ನನ್ನ ಪಿಂಚಣಿಯಿಂದ ನಡೆಯುತ್ತಿದೆ. ಸೂಜಿ ಚುಚ್ಚುವಾಗ ಆಕೆ ವೆಂಕಟರಮಣಾ ಎನ್ನುತ್ತ ನನ್ನ ಕೈ ಹಿಡಿಯುತ್ತಾಳೆ. ನಾನೂ ಬಿಡಿಸಿಕೊಳ್ಳುವುದಿಲ್ಲ. ಹಿಂತಿರುಗುವಾಗ ಸಂಜೆ ಆರಾಗಿರುತ್ತದೆ.