ಅಹ್ಮದ್ ಖಾನ್

ಅಹ್ಮದ್ ಖಾನ್ (1926–2017) ಬೆಂಗಳೂರಿನ ಫುಟ್‌ಬಾಲ್ ಆಟಗಾರ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತ ತಂಡದ ಫಾರ್ವರ್ಡ್. ಬ್ರಿಟಿಷ್ ಪಲ್ಟನ್ನುಗಳಿದ್ದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಈ ಆಟ ಬೇರೂರಿತು. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಅದರ ಹೆಮ್ಮೆಯ ಫಲ. ಖಾನ್ ಕೂಡ ಆ ತಂಡಕ್ಕೆ ಆಡಿದವರೇ.

1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಸುಮಾರು ಒಂದು ದಶಕ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಜೊತೆಗಿನ ಅವರ ಮುನ್ಪಡೆಗೆ ‘ಪಂಚಪಾಂಡವರು’ ಎಂದೇ ಹೆಸರು. ಐವರೂ ದಕ್ಷಿಣದವರು, ಬಂಗಾಳ ಅವರನ್ನು ತನ್ನವರೆಂದೇ ಮೆರೆಸಿತು. ತಂಡ 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. ಖಾನರ ಬಲ ವೇಗವಲ್ಲ, ಡ್ರಿಬ್ಲಿಂಗ್. ಚೆಂಡನ್ನು ಕಾಲಿಗಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುವ ಅವರನ್ನು ಅಭಿಮಾನಿಗಳು ‘ಹಾವಾಡಿಗ’ ಎಂದು ಕರೆದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲಿ ಆಡಿದ ಭಾರತ, ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸ್‌ಗೆ 1–2ರಿಂದ ಸೋತಿತು. ಭಾರತದ ಆ ಏಕೈಕ ಗೋಲು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಅವರದು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ 10–1ರಿಂದ ಭಾರತವನ್ನು ಹಣಿಯಿತು. ಆ ಒಂದು ಗೋಲು ಖಾನರದು. ಅವರು 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.