ಠಾಣೆಯ ತಾಮ್ರಪಟ ಮತ್ತು ಒಂದು ಚಂದ್ರಗ್ರಹಣ

ಉತ್ತರ ಕೊಂಕಣದ ಶಿಲಾಹಾರರ ಶಾಸನಗಳಲ್ಲಿ ‘ಗಂಡರಗಂಡ’ದಂತಹ ಕನ್ನಡ ಬಿರುದುಗಳು ದೊರೆಯುತ್ತವೆ. ಆ ಶಾಸನಗಳ ಕಾಲನಿರ್ಣಯಕ್ಕೆ ಆಕಾಶವೂ ಸಾಕ್ಷಿಯಾಗುವ ಒಂದು ನಿದರ್ಶನವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1787ರಲ್ಲಿ ಠಾಣೆಯಲ್ಲಿ ದೊರೆತ ಅರಿಕೇಸರಿಯ ತಾಮ್ರಪಟವು ಶಕವರ್ಷ 939, ಪಿಂಗಳ ಸಂವತ್ಸರ, ಕಾರ್ತಿಕ ಹುಣ್ಣಿಮೆಯ ಚಂದ್ರಗ್ರಹಣದಂದು ಭೂದಾನವಿತ್ತುದನ್ನು ತಿಳಿಸುತ್ತದೆ. ಶಕವರ್ಷವನ್ನು ವರ್ತಮಾನವೆಂದು ಎಣಿಸಿದರೆ 1016ರ ಕಾರ್ತಿಕ ಹುಣ್ಣಿಮೆ ಬರುತ್ತದೆ. ಆ ದಿನ ಗ್ರಹಣವೇ ಸಂಭವಿಸಿರಲಿಲ್ಲ. ಗತವೆಂದು ಎಣಿಸಿದರೆ ಬರುವುದು 1017ರ ನವೆಂಬರ್ 6. ಆಧುನಿಕ ಗಣಿತದಂತೆ ಅಂದು ನಡುರಾತ್ರಿ ಕಳೆದ ಬಳಿಕ ಪಾರ್ಶ್ವಗ್ರಹಣವು ಠಾಣೆಯ ಆಕಾಶದಲ್ಲಿಯೇ ಪರಮಾವಧಿಗೇರಿತು. ಪಿಂಗಳ ಸಂವತ್ಸರವೂ ಇದಕ್ಕೇ ಹೊಂದುತ್ತದೆ.

ಆದುದರಿಂದ ದಾನಶಾಸನಗಳ ಗ್ರಹಣೋಲ್ಲೇಖವನ್ನು ಕೇವಲ ಪುಣ್ಯಕಾಲದ ಔಪಚಾರಿಕ ಮಾತೆಂದು ಬದಿಗಿಡುವುದು ಸಲ್ಲದು. ಕರ್ನಾಟಕದಾಚೆಯ ಕನ್ನಡದ ಕುರುಹುಗಳಿಗೆ ಕಾಲವನ್ನು ನಿಶ್ಚಯಿಸುವಲ್ಲಿ ಅದು ಸ್ವತಂತ್ರ ಪ್ರಮಾಣವೆಂದು ನಮ್ಮ ಅಭಿಪ್ರಾಯ.